ಸಮಕ್ಕೆ ಇಳಿದ ಜಿಗಿತ

ಜಯನಗರದ ಕಾಲೇಜೊಂದರ ವೇದಿಕೆಯ ಹಿಂದೆ, ೧೯೯೭ರ ಆ ಸಂಜೆ, ರಾಕ್ ತಂಡವೊಂದು ಒಡೆಯುವುದರಲ್ಲಿತ್ತು. ಗಾಯಕ ವಸಿಷ್ಠನು ಹಾಡಿನ ನಡುವೆ ಸ್ಪೀಕರ್ ಪೆಟ್ಟಿಗೆಯಿಂದ ಹಾರಿದಾಗಲೆಲ್ಲ ಲಯ ಕೆಡುತ್ತಿತ್ತು. ಮೃದಂಗ ಕಲಿತು ಡ್ರಮ್ಸಿಗೆ ಬಂದಿದ್ದ ಸಮನ್ವಿತಾಳಿಗೆ ಅದು ಸಹಿಸಲಾಗದ ಅಪಚಾರ.

“ಜನ ಬರೋದೇ ನಾನು ಹಾರೋದನ್ನ ನೋಡಕ್ಕೆ, ಗುರು,” ಎಂದನು ವಸಿಷ್ಠ.

“ಹಾರು ಮಗಾ, ಯಾರು ಬೇಡ ಅಂದ್ರು?” ಎಂದಳು ಸಮನ್ವಿತಾ. “ಭರತನಾಟ್ಯದೋರೂ ಹಾರ್ತಾರೆ. ಆದ್ರೆ ತಾಳದ ಮೊದಲನೇ ಏಟಿಗೆ, ಸಮಕ್ಕೆ, ಕಾಲೂರ್ತಾರೆ. ಇವತ್ತು ನೀನು ತಪ್ಪಿದ್ರೆ ಕಡ್ಡಿ ಅಲ್ಲೇ ಇಟ್ಟು ಮನೆಗೆ ಹೋಗ್ತೀನಿ.”

ಇಬ್ಬರೂ ವೇದಿಕೆಗೆ ಬಂದರು; ಹಾಡು ಏರಿತು. ವಸಿಷ್ಠನು ಈ ಬಾರಿ ಡ್ರಮ್ಸಿಗೆ ಕಿವಿಗೊಟ್ಟು ಹಾರಿದನು. ಅವನ ಪಾದವೂ ಅವಳ ಪೆಟ್ಟೂ ಒಂದೇ ಕ್ಷಣದಲ್ಲಿ ಮೊಳಗಿದವು. ಸಭೆ ಎದ್ದು ಕೂಗಿತು. ಮತ್ತೆ ಪೆಟ್ಟಿಗೆಯನ್ನೇರಿದ ಅವನು ಸಭೆಗೆ ಬೆನ್ನು ತಿರುಗಿಸಿ, ಹಾರುವ ಮುನ್ನ ಅವಳ ಕೈಯನ್ನೇ ನೋಡುತ್ತ ನಿಂತನು.