ತನ್ನ ಖುಷಿಯಿಂದ ಬಿಟ್ಟ ಕೆಲಸ

ಗೋಡೆಗೆ ಆನಿಸಿ ಕೂರಿಸಿದ ಬಸಲಿಂಗಪ್ಪನ ಹೆಣ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು.

“ಎದೀಗೊಂದು ಧೋತರ ಬಿಗೀರಿ,” ಎಂದಳು ನೆರೆಮನೆಯ ಕಾಡವ್ವ. “ಇದ್ದಾಗ ಯಾರ ಮಾತು ಕೇಳ್ಯಾನ, ಈಗ ಕೇಳಾಕ?”

ಯಾರೋ ನಕ್ಕು, ತಡೆದುಕೊಂಡರು. ಸತ್ತವನ ತಮ್ಮ ಗುರುಪಾದಪ್ಪ ಧೋತರ ಕಟ್ಟಿದ. ತಲೆಗೆ ಹೊಸ ಪಟಗ, ಕೊರಳಿಗೆ ಚೆಂಡುಹೂ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಕಟ್ಟಿಗೆ ಒಗೆದವನು ಈಗ ಅಜ್ಜಿಕತೆಯ ಅರಸನಂತೆ, ಯಾವುದೋ ದೂರದ ರಾಜ್ಯದ ಒಡ್ಡೋಲಗದಲ್ಲಿ ಕೂತಂತೆ ಕಂಡ.

ಕಾರ್ಖಾನೆಯ ಹಾಜರಿ ಗುಮಾಸ್ತ ಕೃಷ್ಣಾಜಿ ಬಂದು, ಬಸಲಿಂಗಪ್ಪನ ಹೆಂಡತಿ ಶಿವಲಿಂಗವ್ವನ ಬಾಜು ಕುಕ್ಕರಗಾಲಲ್ಲಿ ಕೂತ.

“ವೈನಿ, ಮಾಲಕರು ಪರಿಹಾರದ ರೊಕ್ಕ ಕಳಿಸ್ಯಾರ. ಅಂವ ತನ್ನ ಖುಷಿಲೇ ಕೆಲಸ ಬಿಟ್ಟ ಅಂತ ಈ ಕಾಗದದಾಗ ಬರದದ. ಬೆರಳು ಒತ್ರಿ, ಕೇಸು ಮುಗೀತದ.”

“ಇವತ್ತ?”

“ನಾಳೆ ಅವರ ಮನಸು ತಿರುಗಿದ್ರ ನಾ ಏನ್ ಮಾಡ್ಲಿ?”

*

ಎಂಟು ವರ್ಷದ ಹಿಂದೆ, ಎಪ್ಪತ್ತೈದನೇ ಇಸವಿಯಲ್ಲಿ, ಭಟ್ಟಿಯ ಬೆಂಕಿಯಲ್ಲಿ ಸತ್ತ ಕರೆಪ್ಪನಿಗೆ ಹೆಗಲು ಕೊಡಲು ಬಸಲಿಂಗಪ್ಪ ಪಾಳಿಯ ನಡುವೆ ಎದ್ದು ಹೋಗಿದ್ದ. ಮರುದಿನ ಅವನನ್ನು ಗೇಟಿನೊಳಗೆ ಬಿಡಲಿಲ್ಲ. ಅವನು ಮಾಲಕರ ಮೇಲೆ ಕೇಸು ಹಾಕಿದ.

ಬೆಳಗಾವಿಯ ಕೋರ್ಟಿನ ಪಡಸಾಲೆಯಲ್ಲಿ ಒಮ್ಮೆ ಇಂಥದೇ ಕಾಗದ ಮುಂದೆ ಬಂದಿತ್ತು.

“ಹೊರಗ ದಬ್ಬೀವಿ ಅಂತ ಬರೀರಿ, ಒತ್ತತೇನಿ,” ಎಂದಿದ್ದ.

ತಿರುಗಿ ಬರುವಾಗ ಬಸ್ಸಿನಲ್ಲಿ ಶಿವಲಿಂಗವ್ವ ಕೇಳಿದ್ದಳು: “ರೊಕ್ಕ ತಗೊಂಡಿದ್ರ ಮಗಳು ನಿಂಗಿ ಲಗ್ನ ಆಗ್ತಿತ್ತಲ್ಲ?”

“ಕರೆಪ್ಪನ್ನ ಹೊತ್ತದ್ದು ನನ್ನ ತಪ್ಪು ಅಂತ ಒಪ್ಕೊಂಡು ಲಗ್ನ ಮಾಡ್ಲೇನು?”

ಅವನು ಊರು ಬರುವವರೆಗೂ ಶೇಂಗಾ ಸುಲಿದು ಅವಳ ಉಡಿಗೆ ಹಾಕುತ್ತ ಕೂತಿದ್ದ.

*

“ಅಂವನ ಹಟ ಅಂವನ ಕೂಡ ಹೋತು,” ಎಂದ ಗುರುಪಾದಪ್ಪ. “ಇನ್ನ ಬೆಳಗಾವಿಗೆ ಅಡ್ಡಾಡವ್ರು ಯಾರು? ನಾ ಅಂತೂ ಅಲ್ಲ. ಒತ್ತಿಬಿಡ್ರಿ.”

ಶಿವಲಿಂಗವ್ವ ಗಂಡನತ್ತ ನೋಡದೆ ಎದ್ದು ಅಡುಗೆಮನೆಗೆ ಹೋದಳು. ಶಾಯಿಡಬ್ಬಿ ಹಿಡಿದು ಕೃಷ್ಣಾಜಿ ಹಿಂದೆ ನಡೆದ. ಮಗಳು ನಿಂಗವ್ವ ಬಾಗಿಲಿಗೆ ಅಡ್ಡ ನಿಂತಳು.

“ಅವ್ವಾ, ಬ್ಯಾಡ. ಅಪ್ಪ ಕೂತಾನ ಅಲ್ಲಿ.”

“ನೀ ಬಾಜೂಕ ಸರಿ.”

ಆಮೇಲೆ ಶಿವಲಿಂಗವ್ವ ಬೂದಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಹೆಬ್ಬೆರಳ ಕಪ್ಪು ಹೋಗಲಿಲ್ಲ.

ಹೊರಗೆ ಹೊತ್ತಾಗಿತ್ತು. ಮಠದಿಂದ ಬಂದ ಸ್ವಾಮಿಗಳು ವಿಭೂತಿಯ ತಟ್ಟೆ ಚಾಚಿದರು.

“ಅಂವನ್ನ ಎತ್ತೂಕಿಂತ ಮೊದ್ಲ ಹಣೀಗೆ ಹಚ್ರಿ, ತಾಯಿ.”

ಅವಳು ಎಡಗೈ ಮುಂದೆ ತಂದಳು.

“ಬಲಗೈಲೆ.”

ಸೆರಗಿನೊಳಗಿಂದ ಬಲಗೈ ಬಂತು. ತಣ್ಣಗಿನ ಹಣೆಯ ಮೇಲೆ ಮೂರು ಬೆರಳು ಮೂರು ಬಿಳಿ ಗೆರೆ ಎಳೆದವು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಗುರು ನಾಟುವಂತೆ ಒತ್ತಿ ಹಿಡಿದಿದ್ದಳು.