ಇಳಿದ ಶೇರು: ಇಡೋದಾ, ಮಾರೋದಾ?

ಹಳೇ ಮಂಚ-ಕುರ್ಚಿ ಕೊಂಡು ಮಾರುವ ಅಂಗಡಿಯವನನ್ನು ಬೀದಿಯವರೆಲ್ಲ ಕರೆಯೋದು ಅನುಮಾನದಣ್ಣ ಅಂತ. ಕುರ್ಚಿ ತಂದರೆ ತಲೆಕೆಳಗು ಮಾಡಿ ನೋಡ್ತಾನೆ. ಮಂಚ ತಂದರೆ ಕುಟ್ಟಿ, ಹುಳ ಕೊರೆದ ಪುಡಿ ಉದುರುತ್ತಾ ಅಂತ ಮೂಗನ್ನು ನೆಲಕ್ಕೆ ತಾಗಿಸ್ತಾನೆ. ಹೆಂಡತಿ ಟೀ ಕೊಟ್ಟರೂ "ಸಕ್ಕರೆ ಹಾಕಿದೀಯ ತಾನೆ?" ಅಂತ ಕೇಳಿಯೇ ಕುಡಿಯೋ ಆಸಾಮಿ.

ಇಂಥವನು, ಮುಖವೇ ನೋಡಿರದ ಒಬ್ಬ ಫೋನಿನಲ್ಲಿ ಹೇಳಿದ ಅಂತ ಪೈಪು ಕಂಪನಿಯ ಶೇರು ಕೊಂಡಿದ್ದ. ಅದು ಅರ್ಧಕ್ಕೂ ಕೆಳಗೆ ಇಳಿದಿತ್ತು. ಈಗ ಅದೇ ಮನುಷ್ಯ, "ಅಗ್ಗಕ್ಕೆ ಸಿಗ್ತಿದೆ ಸರ್, ಇನ್ನಷ್ಟು ಹಾಕಿ" ಅಂತ ದಿನಾ ಕಿವಿ ಊದುತ್ತಿದ್ದ. ಹಾಕಲು ಉಳಿದಿದ್ದದ್ದು ಅಮ್ಮನ ಕಣ್ಣಿನ ಆಪರೇಷನ್ನಿಗೆ ಎತ್ತಿಟ್ಟ ದುಡ್ಡು ಮಾತ್ರ. ಅಮ್ಮ ಆಗಲೇ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು.

ಗಂಡನ ಗುಸುಗುಸು ಕೇಳಿ ಹೆಂಡತಿಗೂ ಅನುಮಾನ ಹತ್ತಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ತಂಗಿಯನ್ನು ಕರೆಸಿದಳು. ತಂಗಿ ನೇರ ಅಂಗಡಿಗೇ ಬಂದಳು.

"ಭಾವ, ಬೀರು ಹಿಂದೆ ನಿಂತು ಯಾರ ಹತ್ರ ಮಾತು? ಅಕ್ಕ ಊಟ ಬಿಟ್ಟಿದ್ದಾಳೆ."

"ನಿಮ್ಮಕ್ಕ ಊಟ ಬಿಡ್ತಾಳಾ? ನಂಬೋ ಮಾತು ಹೇಳು."

ಆದರೂ ವಿಷಯ ಬಾಯಿಬಿಟ್ಟ. ನಾದಿನಿ ಕೇಳಿದಳು, "ಇವತ್ತು ಕೈಲಿ ದುಡ್ಡಿದ್ರೆ ಇದೇ ಶೇರನ್ನ ಹೊಸದಾಗಿ ಕೊಳ್ತೀರಾ?"

"ಯಾಕೆ, ಇದನ್ನ ಮಾರಿಸಿ ದುಡ್ಡು ನಿಮ್ಮ ಬ್ಯಾಂಕಲ್ಲಿ ಇಡಿಸಿದ್ರೆ ನಿನಗೆಷ್ಟು ಕಮಿಷನ್ನು?" ಅವನ ಕಣ್ಣು ಕಿರಿದಾಯಿತು. "ಹಾಕಿದ ಅಸಲು ಬರಲಿ, ಅವತ್ತೇ ಮಾರ್ತೀನಿ. ಮಾರದಿದ್ರೆ ಅದು ನಷ್ಟವೇ ಅಲ್ಲ."

ಅಷ್ಟರಲ್ಲಿ ಒಬ್ಬ ಹೆಂಗಸು ಬೀರು ತಂದಳು. ಕೊಂಡ ಬೆಲೆಯನ್ನೇ ಕೊಟ್ಟರೆ ಮಾತ್ರ ಮಾರ್ತೀನಿ ಅಂತ ಹಟ.

"ಅಮ್ಮಾ, ನೀವೆಷ್ಟು ಕೊಟ್ರಿ ಅಂತ ಈ ಬೀರುಗೆ ಗೊತ್ತಾ? ಇವತ್ತು ಇದು ಹೇಗಿದೆಯೋ ಅದಕ್ಕಷ್ಟೇ ಬೆಲೆ" ಅಂದ ಅನುಮಾನದಣ್ಣ.

ನಾದಿನಿ ಮೆಲ್ಲಗೆ, "ಶೇರಿಗೆ ಗೊತ್ತಾ ಭಾವ?" ಅಂದಳು.

ಅವನ ಕೈ ಬೀರಿನ ಮೇಲೇ ನಿಂತಿತು. ಹೆಂಗಸು ಹೋದ ಮೇಲೆ, "ನನ್ನ ಹತ್ರ ಇರೋ ಸಿಮೆಂಟ್ ಕಂಪನಿ ಶೇರೂ ಇಳಿದಿದೆ. ಅದನ್ನೂ ಮಾರಿಸ್ತೀಯಾ?" ಅಂತ ಗದರಿದ.

"ಅದನ್ನ ಯಾಕೆ ಕೊಂಡ್ರಿ?"

"ಓದಿ, ವಿಚಾರಿಸಿ ಕೊಂಡೆ. ಕಂಪನಿಗೆ ಸಾಲ ಕಮ್ಮಿ, ಲಾಭ ಬರ್ತಿದೆ. ಈಗಲೂ ಬರ್ತಿದೆ. ಮಾರುಕಟ್ಟೆಯೇ ಬಿದ್ದಿದೆ, ಅದಕ್ಕೆ ಇಳಿದಿದೆ."

"ಆ ದುಡ್ಡು ಬೇಗ ಬೇಕಾ?"

"ಸದ್ಯಕ್ಕಂತೂ ಬೇಡ."

"ಹಾಗಾದ್ರೆ ಇಟ್ಕೊಳ್ಳೋಕೆ ಕಾರಣ ಇದೆ. ಪೈಪಿಗೇನು ಕಾರಣ?"

"ಅದು... ಅವನು ಹೇಳಿದ."

ಫೋನು ಹೊಡೆದುಕೊಂಡಿತು. ಅವನೇ! ಅನುಮಾನದಣ್ಣ ಎತ್ತಿದವನೇ ಕೇಳಿದ,

"ಶೇರು ಸಲಹೆ ಕೊಡೋರಿಗೆ ಸರ್ಕಾರದ ನೋಂದಣಿ ಇರಬೇಕಲ್ಲ, ನಿಮ್ಮ ಸಂಖ್ಯೆ ಹೇಳಿ. ನನಗೆ ಕೊಳ್ಳಿ ಅಂತ ಹೇಳಿ ನೀವು ಮಾರ್ತಿಲ್ಲ ತಾನೆ?"

"ನಮ್ಮ ಮೇಲೇ ಅನುಮಾನಾನಾ ಸರ್?"

"ನನ್ನ ಹೆಸರೇ ಅದು."

ಫೋನು ಕಟ್ಟಾಯಿತು. ಪೈಪು ಶೇರು ಮಾರಿದ, ಸಿಮೆಂಟು ಉಳಿಸಿಕೊಂಡ. ಅಮ್ಮನ ದುಡ್ಡು ಆಸ್ಪತ್ರೆಗೆ ಹೋಯಿತು.

ಆಮೇಲೆ ಪೈಪು ಸ್ವಲ್ಪ ಏರಿದಾಗ ಉರಿದುಬಿದ್ದ. "ನಾಳೆ ಏನಾಗುತ್ತೋ ನನಗೂ ಗೊತ್ತಿಲ್ಲ ಭಾವ," ಅಂದಳು ನಾದಿನಿ. "ಗೊತ್ತು ಅಂತ ಫೋನ್ ಮಾಡ್ತಾರಲ್ಲ, ಅವರನ್ನ ಅನುಮಾನಿಸಿ."

ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ಅಮ್ಮ ಅಂಗಡಿಯೊಳಗೆ ಒಂದು ಸುತ್ತು ನೋಡಿದಳು. "ಥೂ, ಎಷ್ಟು ಧೂಳೋ ಮಗನೇ! ಇಷ್ಟು ದಿನ ನನಗೆ ಕಾಣಲಿಲ್ಲ ಅಂತ ಗುಡಿಸೋದೇ ಬಿಟ್ಯಾ?" ಅನುಮಾನದಣ್ಣ ಪೊರಕೆ ಹುಡುಕಲು ಓಡಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಶೇರು ಇಳಿದಿದ್ದರೆ ಕೊಂಡ ಬೆಲೆ ನೆನೆದು ಕೂರಬೇಡಿ, ಹೆದರಿ ಎಲ್ಲವನ್ನೂ ಮಾರಲೂ ಬೇಡಿ. ಯಾಕೆ ಕೊಂಡೆ, ಆ ಕಾರಣ ಇನ್ನೂ ಉಳಿದಿದೆಯಾ, ಇವತ್ತಾದರೆ ಕೊಳ್ಳುತ್ತಿದ್ದೆನಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ತಿಳಿಯದಿದ್ದರೆ ನೋಂದಣಿ ಇರುವ ಸಲಹೆಗಾರರನ್ನು ವಿಚಾರಿಸಿ. ಔಷಧಿಗೆ, ಓದಿಗೆ ಇಟ್ಟ ದುಡ್ಡನ್ನು ಮಾತ್ರ ಯಾರು ಎಷ್ಟೇ ಹೇಳಿದರೂ ಶೇರಿಗೆ ಸುರಿಯಬೇಡಿ.