ಚಕ್ರ ಬಿಚ್ಚಿಯೇ ಇಲ್ಲ

ಅರಬೈಲ್ ಘಟ್ಟ ಇಳಿಯುವಾಗ ನೇತ್ರಾಳಿಗೆ ಮೊದಲ ಅನುಮಾನ ಬಂತು. ಬ್ರೇಕ್ ಪೆಡಲ್ ಎಂದಿನಂತೆ ಪಾದಕ್ಕೆ ಎದುರು ನಿಲ್ಲಲಿಲ್ಲ. ನೆನೆದ ಹಾಸಿಗೆಯನ್ನು ಮೆಟ್ಟಿದ ಹಾಗೆ ಒಳಕ್ಕೆ ಹೋಯಿತು. ಬಿಟ್ಟು ಬಿಟ್ಟು ಒತ್ತಿದರೆ ಗಟ್ಟಿಯಾಗುತ್ತಿತ್ತು, ಕಾಲು ಇಟ್ಟುಕೊಂಡೇ ಇದ್ದರೆ ಮೆಲ್ಲಗೆ ಕುಸಿಯುತ್ತಿತ್ತು. ಜೊತೆಗೆ ತಿರುವು ಬಂದಾಗಲೆಲ್ಲ ಮೀಟರಿನಲ್ಲಿ ಕೆಂಪು ದೀಪವೊಂದು ಮಿನುಗಿ, ನೇರ ರಸ್ತೆಗೆ ಬಂದೊಡನೆ ಆರುತ್ತಿತ್ತು.

ಘಟ್ಟದ ಕೆಳಗಿನ ಆರೋಗ್ಯ ಉಪಕೇಂದ್ರದಲ್ಲಿ ಅವಳು ನರ್ಸ್. ಲಸಿಕೆ ಪೆಟ್ಟಿಗೆಯನ್ನು ಹಿಂದಿನ ಸೀಟಿಗಿಟ್ಟುಕೊಂಡು ಯಲ್ಲಾಪುರದ ಮನೆಯಿಂದ ದಿನಾ ಇದೇ ದಾರಿ ಹಿಡಿಯುವವಳು. ಕಾರು ಅವಳ ಸಂಬಳದಲ್ಲಿ ಬಂದದ್ದು, ಓಡಿಸುವವಳೂ ಅವಳೇ. ಅಂದು ಸಂಜೆ ಗಂಡ ನವೀನನಿಗೆ ಹೇಳಿದರೆ ಅವನು ಟಿವಿಯಿಂದ ಕಣ್ಣು ತೆಗೆಯದೆ, "ನಿಂಗೆ ಸುಮ್ನೆ ಹಂಗನ್ಸಿರ್ತದೆ" ಎಂದ. ಅವಳು ಮರುದಿನದಿಂದ ಬಸ್ಸಿಗೆ ಹೋದಳು. ಶನಿವಾರ ನವೀನನನ್ನು ಹೊರಡಿಸಿಕೊಂಡು, ಮಂಚಿಕೇರಿ ದಾರಿಯಲ್ಲಿ ನಿಧಾನವಾಗಿ ಓಡಿಸುತ್ತ ಶಿರಸಿಯ ಸರ್ವಿಸ್ ಸೆಂಟರಿಗೆ ಬಂದಳು.

ಅಲ್ಲಿ ಗಾಡಿಗಳ ತಕರಾರು ಕೇಳುವವನು ಶರಣ ಎಂಬ ಹುಬ್ಬಳ್ಳಿ ಕಡೆಯವನು. ನೇತ್ರಾ ಪೆಡಲ್, ದೀಪ, ತಿರುವು ಎಲ್ಲವನ್ನೂ ಬಿಡಿಸಿ ಹೇಳಿದಳು. ಪೂರ್ತಿ ಕೇಳಿಸಿಕೊಂಡ ಶರಣ ಉತ್ತರ ಕೊಟ್ಟದ್ದು ನವೀನನಿಗೆ.

"ಏನಿಲ್ರಿ ಸರ್. ಮೇಡಮ್ಮಾರು ಹ್ಯಾಂಡ್‌ಬ್ರೇಕ್ ಪೂರಾ ಇಳಿಸ್ದಂಗ ಹೊಡೀತಿರಬೇಕ ನೋಡ್ರಿ. ಅದಕ್ಕ ಲೈಟ್ ಬರತೈತಿ."

ನವೀನ ನಕ್ಕ. ಆ ನಗುವಿಗೆ ನೇತ್ರಾಳ ಮೈಗೆ ಕೆಂಡ ಸೋಕಿದಂತಾಯಿತು. "ಹ್ಯಾಂಡ್‌ಬ್ರೇಕ್ ಎಳ್ದಿದ್ರೆ ಲೈಟು ಬರೀ ತಿರುವಿನಲ್ಲಿ ಬರ್ತದಾ? ಬ್ರೇಕ್ ಆಯಿಲ್ ಕಮ್ಮಿ ಆಗ್ಯದೆ. ತಿರುವಿನಲ್ಲಿ ಅದು ಡಬ್ಬಿಯೊಳಗೆ ಒಂದು ಕಡೆ ವಾಲಿದಾಗೆಲ್ಲ ಲೈಟು ಬರ್ತದೆ. ಅದು ಎಲ್ಲಿ ಸೋರ್ತದೆ ಅಂತ ಚಕ್ರ ಬಿಚ್ಚಿ ನೋಡಿ."

"ನೋಡ್ತೀವ್ರಿ, ನೋಡ್ತೀವ್ರಿ."

ಮಧ್ಯಾಹ್ನ ಊಟ ಮುಗಿಸಿ ಬಂದಾಗ ಕಾರು ತೊಳೆದು ನಿಂತಿತ್ತು. ಆಯಿಲ್ ತುಂಬಿಸಿದ್ದಾರೆ, ದೀಪ ಹೋಗಿದೆ, ನಾಲ್ಕೂ ಚಕ್ರ ಬಿಚ್ಚಿ ನೋಡಿದ್ದಾರೆ, ಎಲ್ಲ ಸರಿ ಇದೆ ಎಂದ ಶರಣ. ನೇತ್ರಾ ಕಾರನ್ನು ಒಂದು ಸುತ್ತು ಬಂದಳು. ಹಿಂದಿನ ಎಡ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು ನೋಡಿದರೆ, ನಟ್ಟುಗಳ ಸಂದಿಯಲ್ಲಿ ಅವಳೂರಿನ ಕೆಂಪು ಮಣ್ಣು ಒಣಗಿ ಹಾಗೇ ಕಚ್ಚಿಕೊಂಡಿತ್ತು. ನೀರು ಹಾಯಿಸಿದ್ದು ಮೇಲಿನ ಹೊಳಪಿಗೆ ಮಾತ್ರ.

"ಇದನ್ನ ಬಿಚ್ಚೇ ಇಲ್ಲ. ಬಿಚ್ಚಿದ್ರೆ ಈ ಮಣ್ಣು ನಿಲ್ತಿತ್ತಾ?" ಅವಳ ದನಿ ಏರಿತು. ಕಾಯುತ್ತ ಕುಳಿತವರು ತಿರುಗಿ ನೋಡಿದರು. ನವೀನ ಅವಳ ತೋಳು ಹಿಡಿದು, "ಸಾಕು ಮಾರಾಯ್ತಿ, ಮರ್ಯಾದೆ ತೆಗೀಬೇಡ, ನಡೀ" ಎಂದು ಎಬ್ಬಿಸಿದ.

ಮರ್ಯಾದೆ! ಸುಳ್ಳು ಹೇಳಿದವನ ಮರ್ಯಾದೆ ಹೋಗಲಿಲ್ಲ, ಕೇಳಿದವಳದ್ದು ಹೋಗುವುದಿತ್ತು. ಭಾನುವಾರ ಪೇಟೆಯಲ್ಲಿ ಓಡಿಸಿದಾಗ ದೀಪ ಹೊತ್ತಲಿಲ್ಲ, ಪೆಡಲ್ ಕೂಡ ತುಸು ಗಟ್ಟಿ ಅನ್ನಿಸಿತು. ತನಗೇ ಭ್ರಮೆಯೇನೋ ಎಂದು ಒಂದು ಗಳಿಗೆ ತನ್ನ ಕಾಲನ್ನೇ ಅನುಮಾನಿಸಿದಳು.

ಸೋಮವಾರ ಬೆಳಿಗ್ಗೆ ನವೀನ ಕೀಲಿಕೈ ಕೈಗೆತ್ತಿಕೊಂಡ. "ಇವತ್ತು ನಾನೇ ಬಿಟ್ಟು ಬರ್ತೆ. ನಿನ್ನ ಹೆದರಿಕೆ ಹೋಗ್ಲಿ."

ಘಟ್ಟದ ನಡುವೆ, ಕೆಳಗಿಂದ ಕಂಟೈನರ್ ಲಾರಿಯೊಂದು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದಾಗ, ಕೆಂಪು ದೀಪ ಹೊತ್ತಿತು. ಈ ಸಲ ಆರಲಿಲ್ಲ. ಪಕ್ಕದಲ್ಲಿ ಹಳದಿಯದೂ ಹೊತ್ತಿತು. ನವೀನ ಬ್ರೇಕ್ ಒತ್ತಿದ; ಪೆಡಲ್ ನೆಲಕ್ಕೆ ಹೋಗಿ ಕೂತಿತು.

"ನೇತ್ರಾ, ಹಿಡೀತಾ ಇಲ್ವೇ!"

"ಬಿಟ್ಟು ಬಿಟ್ಟು ಒತ್ರಿ! ಗೇರ್ ಇಳಿಸ್ರಿ, ಸೆಕೆಂಡಿಗೆ ಹಾಕ್ರಿ! ಗುಡ್ಡದ ಕಡೆ ತಗೊಳ್ರಿ!" ಎನ್ನುತ್ತಲೇ ಅವಳು ಹ್ಯಾಂಡ್‌ಬ್ರೇಕನ್ನು ತಾನೇ ಹಂತಹಂತವಾಗಿ ಎಳೆದಳು. ಎಂಜಿನ್ ಒದರಿತು. ಕಾರು ಚರಂಡಿಯ ಅಂಚನ್ನು ಉಜ್ಜಿಕೊಂಡು ಹೋಗಿ ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿ ರಾಶಿಗೆ ಮೂತಿ ಊರಿ ನಿಂತಿತು. ಲಾರಿ ಹಾರ್ನ್ ಹೊಡೆಯುತ್ತ ಪಕ್ಕದಿಂದಲೇ ಹಾದುಹೋಯಿತು.

ನೇತ್ರಾ ಇಳಿದು ಹಿಂದಕ್ಕೆ ಬಂದಳು. ಎಡಗಡೆಯ ಚಕ್ರದ ಒಳಮೈ ಒದ್ದೆಯಾಗಿತ್ತು. ಬೆರಳಿಟ್ಟು ನೋಡಿದಳು: ಜಿಡ್ಡು. ಮಣ್ಣು ಮೆತ್ತಿದ ಆ ನಟ್ಟುಗಳ ಹಿಂದೆಯೇ. ಹೆದರಿಕೆ ಎಲ್ಲೋ ಹೋಗಿ, ಸಿಟ್ಟು ನೆತ್ತಿಗೇರಿತು.

ಟೋಯಿಂಗ್ ಗಾಡಿಯಲ್ಲಿ ಕಾರು ಮತ್ತೆ ಶಿರಸಿ ಸೇರಿದಾಗ ಇಳಿಹೊತ್ತಾಗಿತ್ತು. ಒಳಗೆ ಕಾಲಿಟ್ಟವನೇ ನವೀನ ಮೇಜು ಗುದ್ದಿದ. "ಏನ್ ಕೆಲ್ಸ ಮಾಡ್ತೀರಿ ನೀವು? ನಾನು ಟೈಮಿಗೆ ಗೇರ್ ಇಳಿಸಿ ನಿಲ್ಸಿದ್ದಕ್ಕೆ ಬದುಕಿದೀವಿ! ಮೊದ್ಲೇ ಹೇಳಿದ್ವಿ, ಆಯಿಲ್ ಸೋರ್ತದೆ ಅಂತ!"

"ತಪ್ಪಾತ್ರಿ ಸರ್" ಎಂದ ಶರಣ, ಅವನಿಗೇ ಕೈ ಮುಗಿದು.

ನೇತ್ರಾಳಿಗೆ ತಡೆಯಲಾಗಲಿಲ್ಲ. "ಹೇಳಿದ್ವಿ ಅಂದ್ರೆ ಯಾರು ಹೇಳಿದ್ದು? ನಾನು ಹೇಳಿದ್ದು. ನೀವು ನಕ್ಕಿದ್ದು." ನವೀನ ಮೇಜಿನಿಂದ ಕೈ ತೆಗೆದ. ಅವಳು ಶರಣನ ಕಡೆ ತಿರುಗಿದಳು. "ನೀವು ನನ್ನ ಮುಖ ನೋಡಿ ಮಾತಾಡಿ. ಬಿಚ್ಚಿದೀವಿ ಅಂತ ಸುಳ್ಳು ಹೇಳಿ ನನ್ನನ್ನ ಘಟ್ಟಕ್ಕೆ ಕಳ್ಸಿದ್ರಿ. ತಪ್ಪಾಯ್ತು ಅನ್ನೋದು ನನಗೆ, ಅವರಿಗಲ್ಲ. ಈಗ ನನ್ನೆದುರಿಗೇ ಬಿಚ್ಚಿ."

ಶರಣ ತಲೆ ತಗ್ಗಿಸಿ, "ತಪ್ಪಾತ್ರಿ ಮೇಡಂ" ಎಂದ. ಚಕ್ರ ಇಳಿಯಿತು, ಅದರ ಹಿಂದೆ ಬ್ರೇಕನ್ನು ಮುಚ್ಚಿದ್ದ ಡ್ರಮ್ಮು ತೆಗೆದರು. ಬ್ರೇಕನ್ನು ನೂಕುವ ಸಣ್ಣ ಸಿಲಿಂಡರಿನ ರಬ್ಬರ್ ಹರಿದು, ಒಳಗೆಲ್ಲ ಆಯಿಲ್ ರಾಡಿಯಾಗಿತ್ತು. ಹೊಸದು ಹಾಕುವವರೆಗೂ ಅವಳು ಅಲ್ಲೇ ನಿಂತಳು. ಬ್ರೇಕ್ ಆಯಿಲಿನ ಕೊಳವೆಯೊಳಗೆ ಸೇರಿದ ಗಾಳಿ ತೆಗೆಯಲು ಒಬ್ಬರು ಪೆಡಲ್ ಒತ್ತಬೇಕಿತ್ತು. ನವೀನ ಮುಂದೆ ಬಂದ. ಅಷ್ಟರಲ್ಲಿ ನೇತ್ರಾ ಬಾಗಿಲು ತೆಗೆದು ಸೀಟಿನಲ್ಲಿ ಕೂತಾಗಿತ್ತು. ಮೆಕ್ಯಾನಿಕ್ ಕೆಳಗಿನಿಂದ "ಒತ್ತಿ ಹಿಡೀರಿ, ಬಿಡ್ರಿ" ಎಂದ ಹಾಗೆಲ್ಲ ಒತ್ತಿದಳು, ಬಿಟ್ಟಳು. ಕೊನೆಗೆ ಪೆಡಲ್ ಅವಳ ಪಾದಕ್ಕೆ ಎದುರು ನಿಂತಿತು.

ಮನೆಗೆ ಅವಳೇ ಓಡಿಸಿದಳು. ಮಂಚಿಕೇರಿ ದಾಟಿದ ಮೇಲೆ ನವೀನ ಮೆಲ್ಲಗೆ, "ನೇತ್ರಾ, ನಾನು ಶನಿವಾರ..." ಎಂದು ಶುರು ಮಾಡಿದ.

"ಈಗ ಬೇಡ" ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. "ಈಗ ನೀವೇನು ಹೇಳಿದ್ರೂ ನಾನು ಬೈತೆ. ನಾಳೆ ಹೇಳಿ."